ಲೋಕದ ಲೆಕ್ಕದಲ್ಲಿ ಮಲೆನಾಡು ಗಿಡ್ಡ



1920ರಲ್ಲಿ ನಮ್ಮ ದೇಶದ ಒಂದಷ್ಟು ದನಗಳು ಹಡಗು ಹತ್ತಿ ಬ್ರೆಜಿಲ್‌ಗೆ ಹೊರಟಿದ್ದವು. ಡುಬ್ಬ ಇರುವ ನಾಟಿ ದನಗಳು. ಬಿಸಿಲು, ಹೇನು, ಉಣುಗು ಎಲ್ಲವನ್ನೂ ತಡೆದುಕೊಳ್ಳುತ್ತವೆ ಎಂದು ಬ್ರೆಜಿಲ್‌ನವರು ಆಸೆಪಟ್ಟು ಕೊಂಡಿದ್ದರು. ನಡುದಾರಿಯಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿನಲ್ಲಿ ಅವು ತಂಗಿದವು. ದನದ ಜೊತೆ ದೊಡ್ಡರೋಗ (ರಿಂಡರ್‌ಪೆಸ್ಟ್) ಕೂಡ ಅಲ್ಲಿ ಇಳಿಯಿತು. ಯುರೋಪು ಗಾಬರಿಬಿದ್ದಿತು. ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡರೆ ರೋಗ ನಿಲ್ಲುವುದಿಲ್ಲ, ಎಲ್ಲಿ ರೋಗ ಬಂದರೂ ಉಳಿದವರಿಗೆ ತಿಳಿಸುವ ಏರ್ಪಾಡು ಬೇಕು ಎಂದು 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್‌ನಲ್ಲಿ ಒಂದು ಕಚೇರಿ ತೆರೆದವು. ಇವತ್ತಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ, ಭಾರತದ ದನಗಳ ದೆಸೆಯಿಂದ, ಜಾನುವಾರು ವಿಷಯದಲ್ಲಿ ದೇಶದೇಶಗಳ ಸಹಕಾರ ಶುರುವಾಯಿತು.

ಮಲೆನಾಡಿನ ಸಾಗರದ ಹತ್ತಿರವೋ ಹೊಸನಗರದ ಹತ್ತಿರವೋ ನಾಲ್ಕು ದನ ಕಟ್ಟಿಕೊಂಡವರು, ‘ಪ್ಯಾರಿಸ್ಸಿನ ಕಚೇರಿ ಕಟ್ಟಿಕೊಂಡು ನಮಗೇನಾಗಬೇಕು?’ ಎಂದು ಕೇಳಬಹುದು. ಆಗಬೇಕಾದ್ದು ಆಗಿದೆ, ನಮಗೆ ಗೊತ್ತಾಗದ ಹಾಗೆ ಆಗಿದೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಮಲೆನಾಡಿನ ಕೊಟ್ಟಿಗೆಯೊಳಗೆ ಹೊರದೇಶ ಹಲವು ಸಲ ಬಂದುಹೋಗಿದೆ. ಲಸಿಕೆಯಾಗಿ ಬಂತು, ಹಾಲಿನ ಪುಡಿಯಾಗಿ ಬಂತು, ವೀರ್ಯದ ಕಡ್ಡಿಯಾಗಿ ಬಂತು, ಉಣುಗು ಹುಡುಕುವ ವಿಜ್ಞಾನಿಯಾಗಿಯೂ ಬಂತು. ಬಂದಾಗಲೆಲ್ಲ ಜೊತೆಗೆ ಒಂದು ಅಳತೆಯೂ ಬಂತು. ರೋಗವನ್ನು ಅಳೆಯಲು ತಂದ ಅಳತೆ ನಮಗೆ ಹೊಂದಿತು. ದನವನ್ನೇ ಲೀಟರಿನಲ್ಲಿ ಅಳೆಯುವುದು ಮಾತ್ರ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ದನಕ್ಕೆ ಹೊಂದಲಿಲ್ಲ. ಇವತ್ತಿನ ನನ್ನ ಮಾತು ಆ ಹೊಂದಿಕೆಯಾಗದ ಅಳತೆಯ ಬಗ್ಗೆ.

ಮೊದಲು ಹೊಂದಿದ್ದನ್ನು ಹೇಳಿಬಿಡುತ್ತೇನೆ. ದೊಡ್ಡರೋಗ ಎಂದರೆ ಏನೆಂದು ಇವತ್ತಿನ ನಲವತ್ತು ವರ್ಷದವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅದರ ಕಥೆ. ಜ್ವರ, ಬಾಯಿಹುಣ್ಣು, ನೀರಿನಂಥ ಭೇದಿ, ವಾರದೊಳಗೆ ಸಾವು. ಹಿಂದೆ ಊರಿಗೆ ಅದು ಹೊಕ್ಕರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. 1954ರಿಂದ ಭಾರತ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಿಸಿತು. 1990ರ ದಶಕದಲ್ಲಿ ಯುರೋಪಿನ ನೆರವು ಸೇರಿತು. 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಡೀ ಲೋಕದಿಂದಲೇ ಈ ರೋಗವನ್ನು ಅಳಿಸುವ ಪಣ ತೊಟ್ಟಿತು. ನಮ್ಮ ದೇಶದಲ್ಲಿ ಕೊನೆಯ ಬಾರಿ ಕಂಡದ್ದು 1995ರಲ್ಲಿ. 2011ರಲ್ಲಿ ದೊಡ್ಡರೋಗ ಭೂಮಿಯ ಮೇಲೆ ಇಲ್ಲ ಎಂದು ಸಾರಿದರು. ಮನುಷ್ಯ ಪೂರ್ತಿ ಅಳಿಸಿದ ಕಾಯಿಲೆಗಳು ಎರಡೇ. ಒಂದು ಸಿಡುಬು, ಇನ್ನೊಂದು ಇದು. ಸಿಡುಬಿನ ವಿಷಯ ಎಲ್ಲ ಪಠ್ಯಪುಸ್ತಕದಲ್ಲಿದೆ. ದನದ ರೋಗ ಅಳಿದದ್ದಕ್ಕೆ ಯಾರೂ ಪಟಾಕಿ ಹೊಡೆಯಲಿಲ್ಲ.

ಇಲ್ಲಿ ಸಹಕಾರ ಗೆದ್ದದ್ದು ಯಾಕೆ? ಇಥಿಯೋಪಿಯದ ದನಕ್ಕೂ ನಮ್ಮ ಆನಂದಪುರದ ದನಕ್ಕೂ ಒಂದೇ ವೈರಸ್ಸು, ಒಂದೇ ಲಸಿಕೆ. ಅಲ್ಲಿ ಉಳಿದರೆ ಇಲ್ಲಿಗೂ ಅಪಾಯ. ಯಾರು ಹಸುವನ್ನು ಹೇಗೆ ಸಾಕಬೇಕು, ಎಷ್ಟು ಹಾಲು ಕರೆಯಬೇಕು ಎಂಬ ಪ್ರಶ್ನೆ ಅದರಲ್ಲಿ ಬರಲೇ ಇಲ್ಲ. ಕಾಲುಬಾಯಿ ಜ್ವರಕ್ಕೆ ಈಗ ಹಾಕುವ ಲಸಿಕೆ, ಹಸುವಿನ ಕಿವಿಗೆ ಚುಚ್ಚುವ 12 ಅಂಕಿಯ ಹಳದಿ ಬಿಲ್ಲೆ, ಇವೆಲ್ಲ ಅದೇ ದಾರಿಯ ಮುಂದಿನ ಹೆಜ್ಜೆಗಳು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನೋಡಿದಿರಲ್ಲ. 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಕಂಡ ರೋಗ ಅದು. ತೊಂಬತ್ತು ವರ್ಷ ನಡೆದು 2019ರಲ್ಲಿ ಒಡಿಶಾಕ್ಕೆ ಬಂತು, ಮತ್ತೆ ಮೂರು ವರ್ಷಕ್ಕೆ ನಮ್ಮ ಕೊಟ್ಟಿಗೆಗೆ. ಆಗ ಕೈಗೆ ಸಿಕ್ಕಿದ್ದು ಮೇಕೆಯ ಸಿಡುಬಿನ ಲಸಿಕೆ, ಅದನ್ನೇ ದನಕ್ಕೆ ಹಾಕಿದರು.

ಇನ್ನು ಹಾಲಿನ ಕಥೆಗೆ ಬರೋಣ.

1970ರಲ್ಲಿ ಆಪರೇಷನ್ ಫ್ಲಡ್ ಯೋಜನೆ ಶುರುವಾದಾಗ ಅದರ ಬಂಡವಾಳ ಬಂದದ್ದು ಯುರೋಪಿನ ಉಗ್ರಾಣದಿಂದ. ಅಲ್ಲಿ ಹಾಲು ಹೆಚ್ಚಾಗಿ ಪುಡಿಯೂ ಬೆಣ್ಣೆಎಣ್ಣೆಯೂ ಗುಡ್ಡೆ ಬಿದ್ದಿದ್ದವು. ಮೊದಲ ಹಂತದಲ್ಲಿ 1,26,000 ಟನ್ ಹಾಲಿನ ಪುಡಿ, 42,000 ಟನ್ ಬೆಣ್ಣೆಎಣ್ಣೆ ಉಚಿತವಾಗಿ ಬಂತು. ಪುಕ್ಕಟೆ ಪುಡಿಯನ್ನು ಪುಕ್ಕಟೆ ಹಂಚಿದ್ದರೆ ನಮ್ಮ ರೈತರ ಕಥೆ ಮುಗಿಯುತ್ತಿತ್ತು. ಯೋಜನೆಯ ಮುಂದಾಳು ವರ್ಗೀಸ್ ಕುರಿಯನ್ ಅದನ್ನು ನೀರಿಗೆ ಬೆರೆಸಿ, ಪೇಟೆಯಲ್ಲಿ ದುಡ್ಡಿಗೆ ಮಾರಿಸಿ, ಆ ದುಡ್ಡನ್ನು ಹಳ್ಳಿಯ ಡೇರಿ ಕಟ್ಟಲು ಬಳಸಿದರು. ನೆರವು ತೆಗೆದುಕೊಳ್ಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಹೈನು ಅಭಿವೃದ್ಧಿ ಯೋಜನೆ ಬಂತು, 1984ರಲ್ಲಿ ಹಾಲು ಮಹಾಮಂಡಳಿ ಆಯಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಹಾಲು ಈಗ ಮಾಚೇನಹಳ್ಳಿಯ ಡೇರಿಗೆ ಹೋಗುತ್ತದೆ.

ಪುಡಿ ಬರುವ ಸ್ವಲ್ಪ ಮೊದಲೇ, 1969ರಲ್ಲಿ, ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ಬಂತು. ದ್ರವ ಸಾರಜನಕದ ಕ್ಯಾನಿನಲ್ಲಿ ಹೋರಿಯ ವೀರ್ಯವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ವಿದ್ಯೆ ಅದು. ಊರಿನ ಬೀಜದ ಹೋರಿಗೆ ಕೆಲಸ ತಪ್ಪಿತು. ‘ಇಂಜೆಕ್ಷನ್ ಕೊಡಿಸುವುದು’ ಎಂಬ ಮಾತು ರೂಢಿಗೆ ಬಂತು. ಬಯಲು ಸೀಮೆಗೆ ಹೋಲ್‌ಸ್ಟೀನ್, ಗುಡ್ಡಗಾಡಿಗೆ ಮೈ ಸಣ್ಣದಾದ ಜೆರ್ಸಿ. ಇಂಗ್ಲಿಷ್ ಕಡಲ್ಗಾಲುವೆಯ ಪುಟ್ಟ ದ್ವೀಪದ ಹಸು ಹೀಗೆ ತೀರ್ಥಹಳ್ಳಿಯ ಮನೆಯ ಗ್ವಾದಲಿಗೆ ಬಂತು.

ಬಂದದ್ದು ತಪ್ಪು ಎಂದು ನಾನು ಹೇಳುವವನಲ್ಲ. ಗದ್ದೆ ಬದಿಯ ಮನೆ, ನೀರಿದೆ, ಹಸಿಹುಲ್ಲಿದೆ, ಡೇರಿ ಹತ್ತಿರ ಇದೆ ಎಂದರೆ ಎರಡು ಜೆರ್ಸಿ ಮಿಶ್ರತಳಿ ಹಸುಗಳು ಒಂದು ಸಂಸಾರದ ಸಂತೆಯ ಖರ್ಚನ್ನು ನೋಡಿಕೊಳ್ಳುತ್ತವೆ. ಹದಿನೈದು ದಿನಕ್ಕೊಮ್ಮೆ ಬರುವ ಡೇರಿ ದುಡ್ಡು ಬಹಳ ಮನೆಗಳಲ್ಲಿ ಹೆಂಗಸರ ಕೈಗೆ ಸಿಗುವ ಒಂದೇ ನಗದು. ಅದನ್ನು ಹಗುರ ಮಾಡಿ ಮಾತಾಡುವವರಿಗೆ ಬಡತನದ ಲೆಕ್ಕ ಗೊತ್ತಿಲ್ಲ. ಆದರೆ ಮಳೆಗಾಲದ ನಾಲ್ಕು ತಿಂಗಳು ನೆಲ ಒಣಗದ ಕೊಟ್ಟಿಗೆಯಲ್ಲಿ ಅದರ ಗೊರಸು ಕೊಳೆಯುತ್ತದೆ, ಕೆಚ್ಚಲುಬಾವು ಬರುತ್ತದೆ, ಉಣುಗು ಕಚ್ಚಿ ಥೈಲೇರಿಯಾ ಜ್ವರ ಬರುತ್ತದೆ, ಹಿಂಡಿಯ ಚೀಲಕ್ಕೆ ಪೇಟೆಯ ದರ ಕೊಡಬೇಕು. ಇವನ್ನೆಲ್ಲ ಕಳೆದು ಉಳಿದದ್ದು ಎಷ್ಟು ಎಂದು ಡೇರಿಯ ಪುಸ್ತಕದಲ್ಲಿ ಬರೆಯುವುದಿಲ್ಲ.

ಈಗ ನಮ್ಮ ನಾಟಿ ದನ ಮಲೆನಾಡು ಗಿಡ್ಡದ ಹತ್ತಿರ ಹೋಗೋಣ. ಆಳಿನ ಸೊಂಟದೆತ್ತರ, ನೂರು ಕಿಲೋ ಆಸುಪಾಸು ತೂಕ. ಕಪ್ಪು, ಕೆಂಪು, ಕಂದು, ಬೂದು, ಯಾವ ಬಣ್ಣವಾದರೂ ಸೈ. ಗಟ್ಟಿ ಗೊರಸು. ಬೆಳಿಗ್ಗೆ ಹಗ್ಗ ಬಿಚ್ಚಿದರೆ ಬೇಣ, ಹಾಡಿ, ಕಾನು ಸುತ್ತಿ ಸಂಜೆ ತಾನಾಗಿ ಮನೆಗೆ ಬರುತ್ತದೆ. ಅಕ್ಕಚ್ಚು ಕೊಟ್ಟರೆ ಕುಡಿಯುತ್ತದೆ, ಕೊಡದಿದ್ದರೆ ಪಕ್ಕದ ಮನೆಯ ಬಾಳೆಗಿಡಕ್ಕೆ ಗ್ರಹಚಾರ. ಹಾಲು? ಕರುವಿಗೆ ಬಿಟ್ಟು ಒಂದು ಲೀಟರು, ಚೆನ್ನಾಗಿ ಮೇಯಿಸಿದರೆ ಎರಡು. ಬೆಂಗಳೂರಿನಿಂದ ಬಂದವರು ‘ಇಷ್ಟಕ್ಕೆ ಯಾಕೆ ಸಾಕುತ್ತೀರಿ?’ ಎಂದು ಕೇಳುತ್ತಾರೆ. ಹೊಸನಗರ ಕಡೆಯ ಒಬ್ಬ ಅಜ್ಜಿ ಇದಕ್ಕೆ ಕೊಟ್ಟ ಉತ್ತರ ನನಗೆ ಎಲ್ಲ ವರದಿಗಳಿಗಿಂತ ಸರಿ ಅನ್ನಿಸಿದೆ: ‘ಹಾಲು ಬೇಕಾದ್ರೆ ಪ್ಯಾಕೆಟ್ ತಂದ್ರಾಯ್ತು ಮಾರಾಯ್ರೆ. ತೋಟಕ್ಕೆ ಗೊಬ್ಬರ ಯಾವ ಪ್ಯಾಕೆಟ್ಟಲ್ಲಿ ಬತ್ತದೆ?’

ಗೊಬ್ಬರ. ಮಲೆನಾಡಿನ ಕೊಟ್ಟಿಗೆ ಹಾಲಿನ ಕಾರ್ಖಾನೆಯಲ್ಲ, ಗೊಬ್ಬರದ ಕಾರ್ಖಾನೆ. ಬೇಸಿಗೆಯಲ್ಲಿ ಕಾಡಿನಿಂದ ದರಕು, ಅಂದರೆ ಒಣ ತರಗೆಲೆ, ಗುಡಿಸಿ ತರುತ್ತಾರೆ, ಮಳೆಗಾಲದಲ್ಲಿ ಸೊಪ್ಪಿನಬೆಟ್ಟದಿಂದ ಹಸಿಸೊಪ್ಪು ಕಡಿದು ಹೊರೆ ಕಟ್ಟಿ ತರುತ್ತಾರೆ. ಕೊಟ್ಟಿಗೆಯಲ್ಲಿ ಹಾಸುತ್ತಾರೆ. ದನ ಅದರ ಮೇಲೆ ಮಲಗುತ್ತದೆ, ಸಗಣಿ ಗಂಜಲ ಬೀಳುತ್ತದೆ, ತುಳಿದು ತುಳಿದು ಅದು ಅರೆಬೆಂದ ಹಾಗಾಗುತ್ತದೆ. ಬಾಚಿ ಗುಂಡಿಗೆ ಹಾಕುತ್ತಾರೆ. ಗುಂಡಿಯಲ್ಲಿ ಕಳಿತ ಮೇಲೆ ಬುಟ್ಟಿಯಲ್ಲಿ ಹೊತ್ತು ಅಡಿಕೆ ಮರದ ಬುಡಕ್ಕೆ. ವರ್ಷಕ್ಕೆ ಮುನ್ನೂರು ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡೆಗಳಲ್ಲಿ ನೆಲದ ಸತ್ವ ತೊಳೆದುಹೋಗದಂತೆ ತೋಟ ನೂರಾರು ವರ್ಷ ಉಳಿದದ್ದು ಹೀಗೆ. ಕಾಡು, ಕೊಟ್ಟಿಗೆ, ತೋಟ ಮೂರಕ್ಕೂ ನಡುವೆ ಓಡಾಡುವುದು ಈ ಸಣ್ಣ ದನ.

ಇದನ್ನು ಲೀಟರಿನಲ್ಲಿ ಅಳೆದರೆ ಏನಾಗುತ್ತದೆ ನೋಡಿ. ಸರ್ಕಾರ ಡೇರಿಗೆ ಹಾಕಿದ ಪ್ರತಿ ಲೀಟರ್ ಹಾಲಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯದೇ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ 50 ರೂಪಾಯಿ ಆಯಿತು. ನಾಲ್ಕು ಗಿಡ್ಡ ಸಾಕಿ, ಹಾಲನ್ನು ಮಕ್ಕಳಿಗೂ ಚಹಕ್ಕೂ ಬಳಸಿ, ಗೊಬ್ಬರದಿಂದ ತೋಟ ಕಾಪಾಡಿಕೊಳ್ಳುವ ಮನೆಗೆ ಸೊನ್ನೆ. ಎಪ್ಪತ್ತರ ದಶಕದಲ್ಲಿ ಪುಡಿಯ ಜೊತೆ ಬಂದ ಅಳತೆ ಇವತ್ತಿಗೂ ನಮ್ಮ ಬಜೆಟ್ಟಿನಲ್ಲಿ ಕೂತಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿಂದಿನ ಗಣತಿಗಿಂತ ನಾಟಿ ದನ ನೂರಕ್ಕೆ ಆರರಷ್ಟು ಕಡಿಮೆಯಾಗಿ, ವಿದೇಶಿ ಮತ್ತು ಮಿಶ್ರತಳಿ ನೂರಕ್ಕೆ ಇಪ್ಪತ್ತೇಳರಷ್ಟು ಹೆಚ್ಚಿದವು. ದುಡ್ಡು ಯಾವ ಕಡೆಗೆ ಹರಿಯುತ್ತದೋ ದನವೂ ಆ ಕಡೆಗೇ.

ಲೀಟರಿನ ಅಳತೆ ಈಗ ಹವಾಮಾನದ ಮಾತುಕತೆಗೂ ಹೊಕ್ಕಿದೆ. ದನ ಮೆಲುಕು ಹಾಕುವಾಗ ತೇಗಿನಲ್ಲಿ ಮೀಥೇನ್ ಅನಿಲ ಬರುತ್ತದೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಸುಳ್ಳಲ್ಲ. ಆಹಾರ ಮತ್ತು ಕೃಷಿ ಸಂಸ್ಥೆ 2006ರಲ್ಲಿ ಲೋಕದ ಹಸಿರುಮನೆ ಅನಿಲದಲ್ಲಿ ಜಾನುವಾರಿನ ಪಾಲು ನೂರಕ್ಕೆ 18 ಎಂದಿತು. 2013ರಲ್ಲಿ ಹದಿನಾಲ್ಕೂವರೆ ಎಂದಿತು. 2023ರಲ್ಲಿ ಸುಮಾರು 12 ಎಂದಿತು. ದನಗಳು ಕಡಿಮೆ ತೇಗಲು ಕಲಿತವು ಎಂದಲ್ಲ, ಲೆಕ್ಕ ಹಾಕುವ ಕ್ರಮ ಬದಲಾಯಿತು. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಮೀಥೇನನ್ನು ನೂರಕ್ಕೆ 30ರಷ್ಟು ಇಳಿಸುವ ಪ್ರತಿಜ್ಞೆಗೆ ಸೇರಿದವು. ಭಾರತ ಸೇರಲಿಲ್ಲ. ನಮ್ಮಲ್ಲಿ ಮೀಥೇನ್ ಬರುವುದು ಸಣ್ಣ ರೈತನ ಭತ್ತದ ಗದ್ದೆಯಿಂದ, ಅವನ ಕೊಟ್ಟಿಗೆಯಿಂದ. ಅದು ಹೊಟ್ಟೆಪಾಡಿನದು, ಮೋಜಿನದಲ್ಲ ಎಂಬುದು ನಮ್ಮ ದೇಶದ ವಾದ.

ವಾದ ಸರಿ, ಆದರೆ ಅರ್ಧ. ಒಂದು ಲೀಟರ್ ಹಾಲಿಗೆ ಎಷ್ಟು ಅನಿಲ ಎಂದು ಕೇಳಿದರೆ ನಮ್ಮ ಗಿಡ್ಡ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಮೂವತ್ತು ಲೀಟರ್ ಕರೆಯುವ ಡೆನ್ಮಾರ್ಕಿನ ಹಸು ಹೊಗಳಿಸಿಕೊಳ್ಳುತ್ತದೆ. ಆ ಹಸು ತಿಂದ ಸೋಯಾ ಯಾವ ದೇಶದ ಕಾಡು ಕಡಿದು ಬೆಳೆದದ್ದು, ನಮ್ಮ ಗಿಡ್ಡ ಹಾಕಿದ ಸಗಣಿ ಎಷ್ಟು ಚೀಲ ಯೂರಿಯಾ ಉಳಿಸಿತು ಎಂಬುದನ್ನೂ ಎದುರು ಇಡಬೇಕಲ್ಲವೇ? ಸಗಣಿ, ಉಳುಮೆಯನ್ನೂ ಲೆಕ್ಕಕ್ಕೆ ತರಬೇಕು ಎನ್ನುವ ವಿಜ್ಞಾನಿಗಳು ಹೊರಗೂ ಇದ್ದಾರೆ. ಪತ್ರಿಕೆಗೆ ಬರುವುದು ಮಾತ್ರ ಲೀಟರಿನ ಅಂಕಿ. ಹಾಗೆಂದು ಕೊಟ್ಟಿಗೆ ತುಂಬ ಅರೆಹೊಟ್ಟೆಯ ದನ ಕಟ್ಟಿಕೊಂಡು ‘ನಮ್ಮದು ಹಸಿರು’ ಎಂದು ಬೀಗುವುದೂ ಬೇಡ. ಆರು ವರ್ಷಕ್ಕೆ ಮೊದಲ ಕರು ಹಾಕುವ ದನ ಯಾರಿಗೂ ಲಾಭವಲ್ಲ, ಆಕಾಶಕ್ಕೂ ಅಲ್ಲ.

2007 ಒಂದು ಸ್ವಾರಸ್ಯದ ವರ್ಷ. ಆ ವರ್ಷದ ಏಪ್ರಿಲ್‌ನಲ್ಲಿ ಹೊಸನಗರದ ರಾಮಚಂದ್ರಾಪುರ ಮಠದಲ್ಲಿ ವಿಶ್ವ ಗೋ ಸಮ್ಮೇಳನ ನಡೆಯಿತು. ರಾಘವೇಶ್ವರ ಭಾರತೀ ಸ್ವಾಮೀಜಿಯವರ ಮುಂದಾಳ್ತನ. ಬಸ್ಸಿನಲ್ಲಿ, ಲಾರಿಯಲ್ಲಿ ಜನ ಹೋದರು. ದೇಶದ ಬೇರೆಬೇರೆ ತಳಿಗಳನ್ನು ಒಂದೇ ಅಂಗಳದಲ್ಲಿ ನೋಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಪಟ್ಟಣದಲ್ಲಿ ದೇಶಗಳ ಪ್ರತಿನಿಧಿಗಳು ಕೂತು, ಸಾಕುಪ್ರಾಣಿ ತಳಿಗಳನ್ನು ಉಳಿಸುವ ಜಾಗತಿಕ ಕಾರ್ಯಯೋಜನೆಗೆ ಒಪ್ಪಿಗೆ ಕೊಟ್ಟರು. ಅಲ್ಲಿ ಇಟ್ಟ ವರದಿಯಲ್ಲಿ ಲೋಕದಲ್ಲಿ ಸರಾಸರಿ ತಿಂಗಳಿಗೊಂದು ತಳಿ ಅಳಿಯುತ್ತಿದೆ ಎಂದಿತ್ತು. ಇಲ್ಲಿ ಗೋಮಾತೆ, ಅಲ್ಲಿ ಅನುವಂಶಿಕ ಸಂಪನ್ಮೂಲ. ಭಾಷೆ ಬೇರೆ, ಆತಂಕ ಒಂದೇ. 2012ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆ ಮಲೆನಾಡು ಗಿಡ್ಡವನ್ನು ತಳಿಯೆಂದು ನೋಂದಾಯಿಸಿತು. ಅಲ್ಲಿಯ ತನಕ ಸರ್ಕಾರಿ ಕಾಗದದಲ್ಲಿ ಅದು ‘ಗುರುತಿಲ್ಲದ ದನ’.

ಎರಡೂ ಸಭೆಯ ಬಗ್ಗೆ ನನ್ನ ತಕರಾರು ಒಂದೇ. ಹುಲ್ಲಿನ ವಿಷಯ ಎರಡರಲ್ಲೂ ಹಿಂದೆ ಬಿತ್ತು. ಗಿಡ್ಡ ಉಳಿಯುವುದು ಗೋಶಾಲೆಯ ಕಂಬಕ್ಕೆ ಕಟ್ಟಿದರೂ ಅಲ್ಲ, ಸಾರಜನಕದ ಕ್ಯಾನಿನಲ್ಲಿಟ್ಟರೂ ಅಲ್ಲ. ಅದಕ್ಕೆ ಮೇಯಲು ಜಾಗ ಬೇಕು. ಗೋಮಾಳ ಒತ್ತುವರಿಯಾಯಿತು. 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಶರಾವತಿ ಕಣಿವೆಯ ಬಯಲೆಲ್ಲ ಮುಳುಗಿತು, ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದ ಮೇಲೆ ಏಳುವ ಹುಲ್ಲಿಗೆ ದನ ಹೋಗುತ್ತವೆ. 1980ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆಗೆ ಜಿಲ್ಲೆಯ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಬೇಣಗಳಲ್ಲಿ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಎದ್ದಿತು. ಅದರ ಎಲೆ ದನ ತಿನ್ನುವುದಿಲ್ಲ, ಅದರ ಬುಡದಲ್ಲಿ ಹುಲ್ಲೂ ಏಳುವುದಿಲ್ಲ. ಹಸು ಜೆರ್ಸಿಯಿಂದ, ಮರ ಆಸ್ಟ್ರೇಲಿಯಾದಿಂದ. ನಡುವೆ ಸಿಕ್ಕಿಕೊಂಡದ್ದು ಇಲ್ಲಿಯ ಹುಲ್ಲು.

ಇಷ್ಟು ಹೊತ್ತು ಗಿಡ್ಡದ ಪರ ವಕಾಲತ್ತು ಮಾಡಿದ ನಾನು ಈಗ ಕಷ್ಟದ ಭಾಗಕ್ಕೆ ಬರಬೇಕು. ಮಂಗನ ಕಾಯಿಲೆ.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗ ಸತ್ತು ಬೀಳತೊಡಗಿದವು. ಹಿಂದೆಯೇ ಸುತ್ತಲ ಹಳ್ಳಿಯವರಿಗೆ ಜ್ವರ, ತಲೆನೋವು, ರಕ್ತಸ್ರಾವ. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೋ ಎಂದು ಲೋಕವೇ ಬೆಚ್ಚಿತು. ಪುಣೆಯಲ್ಲಿ ಆಗ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸುತ್ತಿದ್ದ ವೈರಸ್ ಸಂಶೋಧನಾ ಕೇಂದ್ರ ಇತ್ತು. ಅಲ್ಲಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಬಂದು ಹುಡುಕಿದರು. ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್ಸು ಎಂದು ತಿಳಿಯಿತು. ಅದರ ಹತ್ತಿರದ ಬಂಧುಗಳು ರಷ್ಯಾ, ಸೈಬೀರಿಯದಲ್ಲಿದ್ದವು. ವಲಸೆ ಹಕ್ಕಿಗಳ ಮೈಮೇಲೆ ಉಣುಗು ಬಂತೇ ಎಂಬ ಸಂಶಯ ಹುಟ್ಟಿತು. ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಸಲೀಂ ಅಲಿಯವರಿಗೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಹಣ ಬಂದದ್ದು ಈ ಸಂಶಯದಿಂದಲೇ. ನಮ್ಮ ದೇಶದ ಹಕ್ಕಿವಲಸೆಯ ಅಧ್ಯಯನ ದೊಡ್ಡದಾಗಿ ಬೆಳೆಯುವುದಕ್ಕೆ ಮಲೆನಾಡಿನ ಉಣುಗು ಕಾರಣ ಎಂದರೆ ಎಷ್ಟು ಜನ ನಂಬುತ್ತಾರೋ.

ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರ ತೆರೆದರು. ಅಲ್ಲಿ ಕೆಲಸ ಮಾಡಿದವರಲ್ಲಿ ಕೊಲಂಬಿಯಾ ದೇಶದ ವೈದ್ಯ ಹೋರ್ಹೆ ಬೋಶೆಲ್ ಒಬ್ಬರು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಳದಿ ಜ್ವರದ ಬೆನ್ನುಹತ್ತಿದ್ದ ಮನುಷ್ಯ. ಅವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಊರನ್ನು ನೋಡಿದರು. ಜನ ಹೆಚ್ಚಿದ್ದಾರೆ, ಕಾಡು ಕಡಿದು ಗದ್ದೆ ಮಾಡಿದ್ದಾರೆ, ಅಂಚಿನಲ್ಲಿ ಲಂಟಾನ ಬೆಳೆದಿದೆ, ಅಲ್ಲೇ ದನ ಮೇಯುತ್ತವೆ. ಉಣುಗಿಗೆ ಇದಕ್ಕಿಂತ ಒಳ್ಳೆಯ ಊಟದ ಮನೆ ಎಲ್ಲಿ ಸಿಕ್ಕೀತು ಎಂಬುದು 1969ರಲ್ಲಿ ಅವರು ಬರೆದ ಲೇಖನದ ತಿರುಳು.

ಉಣುಗಿನ ಸಂಸಾರ ಸ್ವಲ್ಪ ತಿಳಿದುಕೊಳ್ಳಿ. ಬೆಳೆದ ಉಣುಗು ಏಳುವುದು ಮಳೆಗಾಲದಲ್ಲಿ. ಅದಕ್ಕೆ ದೊಡ್ಡ ಪ್ರಾಣಿಯ ರಕ್ತ ಬೇಕು. ಕಾಟಿ, ಕಡವೆ ಅಥವಾ ಮೇಯಲು ಬಂದ ನಮ್ಮ ದನ. ಕುಡಿದು ಉಬ್ಬಿ ಕೆಳಗೆ ಬಿದ್ದ ಹೆಣ್ಣು ತರಗೆಲೆಯಡಿ ಸಾವಿರದ ಲೆಕ್ಕದಲ್ಲಿ ಮೊಟ್ಟೆ ಇಡುತ್ತದೆ. ನವರಾತ್ರಿ, ದೀಪಾವಳಿ ಹೊತ್ತಿಗೆ ಮರಿಗಳು ಏಳುತ್ತವೆ, ಇಲಿ, ಮಂಗ, ಹಕ್ಕಿಗೆ ಹತ್ತುತ್ತವೆ. ಅಲ್ಲಿಂದ ಮುಂದಿನ ಹರೆಯದ ಹಂತ, ಸಾಸಿವೆಗಿಂತ ಚಿಕ್ಕದು, ಡಿಸೆಂಬರಿನಿಂದ ಮೇ ತನಕ ಮನುಷ್ಯನಿಗೆ ಕಚ್ಚುತ್ತದೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ವೈರಸ್ಸನ್ನು ಮೈಯಲ್ಲಿ ಬೆಳೆಸಿ ಹರಡುವುದೂ ಇಲ್ಲ. ಅದು ಕೊಡುವುದು ಊಟ ಮಾತ್ರ.

2018ರ ಕೊನೆಗೆ, 2019ರ ಮೊದಲಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಸಾವುಗಳಾದವು. ಜನ ಆಸ್ಪತ್ರೆಯ ಮುಂದೆ ಕೂತು ಜವಾಬು ಕೇಳಿದರು. ಅದೇ ಸುಮಾರಿಗೆ ಬ್ರಿಟನ್ನಿನ ಸರ್ಕಾರಿ ಸಂಶೋಧನಾ ನಿಧಿಯಿಂದ ಒಂದು ಜಂಟಿ ಕೆಲಸ ನಡೆಯುತ್ತಿತ್ತು. ಅಲ್ಲಿಯ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ ಸಂಸ್ಥೆ, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ನಮ್ಮ ರಾಜ್ಯದ ಆರೋಗ್ಯ ಇಲಾಖೆಯವರು. ಈ ತಂಡದ ಕ್ರಮ ನನಗೆ ಹಿಡಿಸಿತು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಮೊದಲು ಇಲಾಖೆಯವರನ್ನೂ ಊರು ಬಲ್ಲವರನ್ನೂ ಕೂರಿಸಿಕೊಂಡು ಕೇಳಿದರು: ಜನ ಕಾಡಿಗೆ ಯಾವ ತಿಂಗಳು ಹೋಗುತ್ತಾರೆ, ಯಾಕೆ ಹೋಗುತ್ತಾರೆ, ದನ ಎಲ್ಲಿ ಮೇಯುತ್ತದೆ? 2020ರಲ್ಲಿ ಅಧ್ಯಯನ ಪ್ರಕಟವಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆಯ ಅಪಾಯ ಹೆಚ್ಚಿರುವುದು ಎಲ್ಲಿ? ನಿತ್ಯಹಸಿರು ಕಾಡು ಮತ್ತು ತೋಟಗಳು ಹೆಣೆದುಕೊಂಡಿರುವ ಕಡೆ, ಮತ್ತು ನಾಟಿ ದನಗಳು ದಟ್ಟವಾಗಿರುವ ಕಡೆ.

ಅಂದರೆ ಯಾವ ಕಾಡು, ಕೊಟ್ಟಿಗೆ, ತೋಟದ ಬಾಳುವೆಯನ್ನು ನಾನು ಈಗಷ್ಟೇ ಹೊಗಳಿದೆನೋ ಅದರ ಹಾದಿಯಲ್ಲೇ ಉಣುಗೂ ನಡೆಯುತ್ತದೆ. ಸೊಪ್ಪು, ದರಕಿಗೆ ಹೋದವರಿಗೆ ಅದು ಹತ್ತುತ್ತದೆ. ದರಕಿನ ಹೊರೆಯ ಜೊತೆ ಮನೆಬಾಗಿಲಿಗೂ ಬರುತ್ತದೆ. ಗೋಪ್ರೇಮಿಗಳು ಈ ವಿಷಯವನ್ನು ಮುಚ್ಚಿಡುತ್ತಾರೆ. ‘ಕಾಡಿಗೆ ದನ ಬಿಡಬೇಡಿ’ ಎನ್ನುವ ಅರಣ್ಯ ಇಲಾಖೆಯವರು ಇದನ್ನೇ ಹಿಡಿದು ಎಳೆಯುತ್ತಾರೆ. ಎರಡೂ ಸರಿಯಲ್ಲ. ನಾಟಿ ದನ ಹೆಚ್ಚಿರುವ ಊರು ಎಂದರೆ ಕಾಡನ್ನು ನೆಚ್ಚಿದ ಜನ ಹೆಚ್ಚಿರುವ ಊರು ಎಂದೂ ಅರ್ಥ. ದನ ಮಾರಿದ ಮಾತ್ರಕ್ಕೆ ಅವರು ಸೌದೆಗೆ, ಸೊಪ್ಪಿಗೆ, ಉಪ್ಪಾಗೆ ಹಣ್ಣಿಗೆ ಕಾಡಿಗೆ ಹೋಗುವುದನ್ನು ಬಿಡುವುದಿಲ್ಲ.

ಮಾಡಬಹುದಾದದ್ದು ಇದೆ. ದನದ ಮೇಲೆ ಬೆಳೆದ ಉಣುಗು ಹತ್ತುವುದು ಮಳೆಗಾಲದಲ್ಲಿ. ಉಣುಗುನಾಶಕ ಹಚ್ಚಬೇಕಾದದ್ದು ಆಗ. ಆದರೆ ಕಾಯಿಲೆಯ ಸುದ್ದಿ ಎದ್ದು, ಸಭೆ ನಡೆದು, ಔಷಧಿ ಬಂದು ತಲುಪುವುದು ಸಂಕ್ರಾಂತಿಗೆ. ಆಗ ಮೊಟ್ಟೆಯೊಡೆದು ಮರಿಯಾಗಿ ಎಲ್ಲ ಮುಗಿದಿರುತ್ತದೆ. ಇದಕ್ಕೆ ಆರೋಗ್ಯ ಇಲಾಖೆ ಬೈಸಿಕೊಳ್ಳುತ್ತದೆ, ಕೆಲಸ ಇರುವುದು ಪಶುಪಾಲನಾ ಇಲಾಖೆಯ ಹತ್ತಿರ, ಜಾಗ ಇರುವುದು ಅರಣ್ಯ ಇಲಾಖೆಯ ಹತ್ತಿರ. ಮನುಷ್ಯರಿಗೆ ಹಾಕುತ್ತಿದ್ದ ಮಂಗನ ಕಾಯಿಲೆಯ ಲಸಿಕೆಯನ್ನು ತಯಾರಿಸುತ್ತಿದ್ದದ್ದು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ. ಮನುಷ್ಯ, ದನ, ಕಾಡು ಮೂರರ ಆರೋಗ್ಯ ಒಂದೇ ಎಂದು ಈಗ ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಮಾತಾಡುತ್ತಾರೆ, ಹೆಬ್ಬಾಳದ ಕಟ್ಟಡದೊಳಗೆ ಅದು ಎಂದೋ ನಡೆದಿತ್ತು. ಆ ಲಸಿಕೆ 2022ರಲ್ಲಿ ನಿಂತಿತು, ಅದರ ಬಲ ಸಾಲದು ಎಂಬುದು ಕಂಡುಬಂದಿತ್ತು. ಹೊಸದರ ಕೆಲಸ ನಡೆದಿದೆ.

ಹೊರದೇಶದ ನೆರವು ಮತ್ತೆ ಬರುತ್ತದೆ. ಮೀಥೇನ್ ಇಳಿಸುವ ಹೆಸರಲ್ಲಿ ಬಂದೀತು, ತಳಿ ಉಳಿಸುವ ಹೆಸರಲ್ಲಿ ಬಂದೀತು. ಬಂದವರಿಗೆ ನಾವು ಕೊಡಬೇಕಾದ ಕಾಗದ ಒಂದಿದೆ. ಒಂದು ಊರಿನ ನಾಲ್ಕು ಮನೆಯಲ್ಲಿ ವರ್ಷಪೂರ್ತಿ ಬರೆದಿಟ್ಟ ಲೆಕ್ಕ: ಎಷ್ಟು ದನ, ಎಷ್ಟು ಹೊರೆ ಸೊಪ್ಪು, ಎಷ್ಟು ಬುಟ್ಟಿ ಗೊಬ್ಬರ, ಕೊಳ್ಳದೆ ಉಳಿದ ರಾಸಾಯನಿಕ ಗೊಬ್ಬರ ಎಷ್ಟು ಚೀಲ, ಹಿಂಡಿಗೆ ಎಷ್ಟು, ಡಾಕ್ಟರಿಗೆ ಎಷ್ಟು, ಎಷ್ಟು ದಿನ ಕಾಡಿನಲ್ಲಿ ಮೇವು, ಯಾವ ತಿಂಗಳು ಎಷ್ಟು ಉಣುಗು. ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧದ ವಿಷಯ ಸಿಗಲಿಕ್ಕಿಲ್ಲ. ಆ ಕಾಗದ ಕೈಯಲ್ಲಿದ್ದರೆ, ಲೀಟರಿಗೆ 5 ರೂಪಾಯಿ ಕೊಡುವ ಸರ್ಕಾರವನ್ನು ಗೊಬ್ಬರದ ಬುಟ್ಟಿಗೆ ಎಷ್ಟು ಎಂದು ಕೇಳಲೂ ಬರುತ್ತದೆ.

ಅಲ್ಲಿಯ ತನಕ ಈ ವರ್ಷದ ಕೆಲಸ. ಮಳೆ ಹಿಡಿಯುವ ಮೊದಲೇ ಪಶು ಆಸ್ಪತ್ರೆಗೆ ಹೋಗಿ ಉಣುಗಿನ ಔಷಧಿ ಕೇಳಿ, ಕಾಡಿಗೆ ಬಿಡುವ ದನಕ್ಕೆ ಡಾಕ್ಟರು ಹೇಳಿದ ಅಳತೆಯಲ್ಲಿ ಹಚ್ಚಿ. ಡಿಸೆಂಬರಿನ ನಂತರ ದರಕಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಸವರಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನು ಬಿಸಿನೀರಿಗೇ ಹಾಕಿ. ದರಕಿನ ರಾಶಿಯನ್ನು ಮಕ್ಕಳು ಆಡುವ ಅಂಗಳದಿಂದ ದೂರ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ, ಅತ್ತ ದನವನ್ನೂ ಬಿಡದೆ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಅದೇ ದಿನ ತಿಳಿಸಿ. ಕಾಡಿಗೆ ಹೋಗಿಬಂದ ವಾರದೊಳಗೆ ಜ್ವರ, ತಲೆನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.